ಕುರ್ಚಿಯ ಗಡುವು, ಜೀತದ ಗಡುವು

ಅಧಿಕಾರ ಬಿಟ್ಟುಕೊಟ್ಟವನನ್ನು ಕಂಡರೆ ನಮ್ಮ ಜನಕ್ಕೆ ಎಲ್ಲಿಲ್ಲದ ಭಕ್ತಿ. ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ಬೆತ್ತಲೆ ನಿಂತ ಬಾಹುಬಲಿಯ ಕಾಲ ಬಳಿ ನಿಂತು ಕತ್ತೆತ್ತಿ ನೋಡಿದವರು ನಾವು. ಹೋದ ತಿಂಗಳು ನಮ್ಮ ಅಧ್ಯಯನ ಕೂಟದಲ್ಲಿ ಹಳ್ಳಿ ಶಾಲೆಯ ಮೇಷ್ಟ್ರೊಬ್ಬರು ಅಮೆರಿಕದ ಮಾತು ತೆಗೆದರು. "ಅಲ್ಲಿ ಎಂಥಾ ದೊಡ್ಡ ಅಧ್ಯಕ್ಷನಾದರೂ ಎರಡು ಸಲ, ಆಮೇಲೆ ಮನೆಗೆ. ಆ ಪದ್ಧತಿ ಹಾಕಿಕೊಟ್ಟವನು ವಾಷಿಂಗ್ಟನ್. ಸಾಯೋವರೆಗೂ ಕೂತಿರಬಹುದಾಗಿದ್ದ ಕುರ್ಚೀನ ಎಂಟು ವರ್ಷಕ್ಕೇ ಬಿಟ್ಟು ಹೊಲಕ್ಕೆ ಹೋದ. ತ್ಯಾಗ ಅಂದ್ರೆ ಅದು" ಅಂದರು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಆದರೆ ಆ 'ಹೊಲಕ್ಕೆ ಹೋದ' ಅನ್ನೋ ಮಾತು ಮನಸ್ಸಿನಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ಹೋದ, ಸರಿ. ಅವನಿಲ್ಲದ ಎಂಟು ವರ್ಷ ಆ ಹೊಲ ಉತ್ತವರು ಯಾರು?

ಈ ಬರಹ ಆ ಪ್ರಶ್ನೆಯಿಂದ ಹುಟ್ಟಿದ್ದು.

ಮೊದಲು ಒಂದು ತಪ್ಪು ತಿಳುವಳಿಕೆ ಸರಿಮಾಡಿಕೊಳ್ಳೋಣ. 1787ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾದಲ್ಲಿ ಕೂತು ಅಮೆರಿಕದ ಸಂವಿಧಾನ ಬರೆದವರು ಅಧ್ಯಕ್ಷನಿಗೆ ಎರಡೇ ಅವಧಿ ಅಂತ ಬರೆಯಲೇ ಇಲ್ಲ. ಏಳು ವರ್ಷದ ಒಂದೇ ಅವಧಿ ಸಾಕು ಅಂದವರಿದ್ದರು. ನಡತೆ ನೆಟ್ಟಗಿರುವ ತನಕ, ಅಂದರೆ ಸಾಯುವ ತನಕ ಇರಲಿ ಅಂದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಕೂಡ ಇದ್ದ. ಕೊನೆಗೆ ನಾಲ್ಕು ವರ್ಷದ ಅವಧಿ, ಎಷ್ಟು ಸಲ ಬೇಕಾದರೂ ಆರಿಸಬಹುದು ಅಂತ ಮುಗಿಸಿದರು. ಅದೇ ಸಭೆಯಲ್ಲಿ ಅಧ್ಯಕ್ಷನನ್ನು ಆರಿಸುವವರು ಯಾರು ಅನ್ನುವ ಜಗಳವೂ ನಡೆಯಿತು. ಜನರೇ ನೇರವಾಗಿ ಆರಿಸಿದರೆ ದಕ್ಷಿಣದ ರಾಜ್ಯಗಳಿಗೆ ನಷ್ಟ, ಯಾಕೆಂದರೆ ಅಲ್ಲಿನ ಜನರಲ್ಲಿ ಅಷ್ಟೊಂದು ಮಂದಿ ಗುಲಾಮರು, ಗುಲಾಮರಿಗೆ ಓಟಿಲ್ಲ ಅಂತ ಜೇಮ್ಸ್ ಮ್ಯಾಡಿಸನ್ ಮುಚ್ಚುಮರೆಯಿಲ್ಲದೆ ಹೇಳಿದ. ಆಮೇಲೆ ಕಂಡುಕೊಂಡ ದಾರಿ ಗೊತ್ತಲ್ಲ. ಗುಲಾಮನನ್ನು ಐದರಲ್ಲಿ ಮೂರು ಪಾಲು ಮನುಷ್ಯ ಅಂತ ಲೆಕ್ಕ ಹಿಡಿದು ಒಡೆಯರ ರಾಜ್ಯಕ್ಕೆ ಹೆಚ್ಚು ಸೀಟು; ಆ ಸೀಟಿನ ಲೆಕ್ಕದ ಮೇಲೆ ಅಧ್ಯಕ್ಷನನ್ನು ಆರಿಸುವ ಮತದಾರರ ಕೂಟ. ಓಟಿಲ್ಲದವನ ತಲೆ ಎಣಿಸಿ ಒಡೆಯನ ಓಟಿನ ತೂಕ ಹೆಚ್ಚಿಸಿದರು. ಆ ಕುರ್ಚಿಗೆ ಎಷ್ಟು ಅವಧಿ ಅಂತ ಕೇಳುವ ಮೊದಲು ಅದರ ಕಾಲು ಯಾವ ಮರದ್ದು ಅಂತ ನಾವು ನೋಡಬೇಕಾದ್ದು ಇದಕ್ಕೇ.

ಇನ್ನು ವಾಷಿಂಗ್ಟನ್. 1789ರ ಏಪ್ರಿಲ್‌ನಲ್ಲಿ ಅಧ್ಯಕ್ಷನಾದ. 1796ರ ಸೆಪ್ಟೆಂಬರ್‌ನಲ್ಲಿ ತನ್ನ ವಿದಾಯದ ಮಾತನ್ನು ಫಿಲಡೆಲ್ಫಿಯಾದ ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿ 'ಇನ್ನು ಸಾಕು' ಅಂದ. ಎರಡಕ್ಕಿಂತ ಹೆಚ್ಚು ಅವಧಿ ಯಾರೂ ಇರಕೂಡದು ಅನ್ನುವ ತತ್ವವನ್ನೇನೂ ಅದರಲ್ಲಿ ಅವನು ಹೇಳಲಿಲ್ಲ. ವಯಸ್ಸು ಅರವತ್ತನಾಲ್ಕಾಗಿತ್ತು, ದಣಿದಿದ್ದ, ಪತ್ರಿಕೆಗಳ ಬೈಗುಳ ಸಾಕಾಗಿತ್ತು. ಅದನ್ನು ತತ್ವ ಮಾಡಿದವನು ಆಮೇಲೆ ಬಂದ ಥಾಮಸ್ ಜೆಫರ್ಸನ್. ಆದರೂ ಅವತ್ತಿನ ಲೋಕದಲ್ಲಿ ಗದ್ದಿಗೆ ಹತ್ತಿದವನು ತಾನಾಗಿ ಇಳಿಯುವುದು ಸಣ್ಣ ಮಾತಲ್ಲ. ನಾನದನ್ನು ಅಲ್ಲಗಳೆಯುವುದಿಲ್ಲ.

ಆದರೆ ಅದೇ ವರ್ಷ, ಅದೇ ಮನೆಯಿಂದ, ಇನ್ನೊಂದು ಜೀವವೂ ಹೊರಟಿತು. ಹೆಸರು ಒನಾ ಜಡ್ಜ್. ವಯಸ್ಸು ಇಪ್ಪತ್ತೆರಡೋ ಇಪ್ಪತ್ತಮೂರೋ. ಅಧ್ಯಕ್ಷನ ಹೆಂಡತಿ ಮಾರ್ಥಾಗೆ ಬಟ್ಟೆ ಹೊಲಿದು, ತೊಡಿಸಿ, ತಲೆ ಬಾಚುವ ಗುಲಾಮಳು. ಮಾರ್ಥಾ ಅವಳನ್ನು ಮೊಮ್ಮಗಳ ಮದುವೆಗೆ ಉಡುಗೊರೆಯಾಗಿ ಕೊಡಲು ಗೊತ್ತುಮಾಡಿದ್ದಳು — ಸೀರೆ ಕೊಟ್ಟ ಹಾಗೆ, ಹಸು ಕೊಟ್ಟ ಹಾಗೆ. 1796ರ ಮೇ 21ರಂದು ಒಡೆಯರು ಊಟಕ್ಕೆ ಕೂತಿದ್ದ ಹೊತ್ತಿನಲ್ಲಿ ಒನಾ ಮನೆ ಬಿಟ್ಟಳು. ಊರಿನ ಸ್ವತಂತ್ರ ಕಪ್ಪು ಜನ ಬಚ್ಚಿಟ್ಟರು. ಹಡಗು ಹತ್ತಿ ನ್ಯೂ ಹ್ಯಾಂಪ್‌ಷೈರಿನ ಪೋರ್ಟ್ಸ್‌ಮತ್ ಸೇರಿದಳು. ಅಧ್ಯಕ್ಷನ ಮನೆಯ ಮೇಲ್ವಿಚಾರಕ ಪತ್ರಿಕೆಗೆ ಜಾಹೀರಾತು ಕೊಟ್ಟ: ಹುಡುಗಿ ಓಡಿಹೋಗಿದ್ದಾಳೆ, ಹಿಡಿದುಕೊಟ್ಟವರಿಗೆ ಹತ್ತು ಡಾಲರ್. ಹೀಗೆ ಓಡಿದವರನ್ನು ಯಾವ ರಾಜ್ಯದಿಂದಲಾದರೂ ಹಿಡಿದು ತರಬಹುದು ಅನ್ನುವ ಕಾನೂನಿಗೆ 1793ರಲ್ಲಿ ಸಹಿ ಹಾಕಿದ್ದವನೂ ಇದೇ ವಾಷಿಂಗ್ಟನ್.

ಇಲ್ಲಿ ಗಡುವಿನ ಕತೆ ಶುರುವಾಗುತ್ತದೆ, ಸ್ವಲ್ಪ ನಿಧಾನ ಓದಿ. ಆಗ ದೇಶದ ರಾಜಧಾನಿ ಫಿಲಡೆಲ್ಫಿಯಾ. ಅದು ಪೆನ್ಸಿಲ್ವೇನಿಯಾ ರಾಜ್ಯದಲ್ಲಿತ್ತು. ಆ ರಾಜ್ಯ 1780ರಲ್ಲೇ ಒಂದು ಕಾನೂನು ಮಾಡಿತ್ತು. ಹೊರಗಿನ ಒಡೆಯ ತಂದ ಗುಲಾಮ ಆರು ತಿಂಗಳು ಅಲ್ಲಿ ಉಳಿದರೆ ಅವನು ಬಿಡುಗಡೆ ಕೇಳಬಹುದು. ಸಂಸತ್ತಿನ ಸದಸ್ಯರಿಗೆ ಇದರಿಂದ ವಿನಾಯಿತಿ ಇತ್ತು, ಅಧ್ಯಕ್ಷನ ಹೆಸರು ಅದರಲ್ಲಿರಲಿಲ್ಲ. ಸರ್ಕಾರದ ಅಟಾರ್ನಿ ಜನರಲ್ ಎಡ್ಮಂಡ್ ರಾಂಡಾಲ್ಫ್‌ನ ಮನೆಯ ಗುಲಾಮರು ಇದೇ ಕಾನೂನು ಹಿಡಿದು ಒಡೆಯನ ಮುಂದೆ ನಿಂತಿದ್ದರು. ಆ ಸುದ್ದಿ ಕೇಳಿದ ವಾಷಿಂಗ್ಟನ್ 1791ರಲ್ಲಿ ತನ್ನ ಕಾರ್ಯದರ್ಶಿ ಟೋಬಿಯಾಸ್ ಲಿಯರ್‌ಗೆ ಕಾಗದ ಬರೆದ: ಆರು ತಿಂಗಳು ತುಂಬುವ ಮುಂಚೆ ನಮ್ಮವರನ್ನು ರಾಜ್ಯದ ಗಡಿಯಾಚೆ ಕರೆದೊಯ್ದು ತರಬೇಕು, ಇದು ಅವರಿಗೂ ತಿಳಿಯಬಾರದು, ಹೊರಗಿನ ಜನಕ್ಕೂ ತಿಳಿಯಬಾರದು, ಏನಾದರೂ ನೆಪ ಹೂಡಿ. ಹೀಗೆ ಗಡಿ ದಾಟಿಸಿ ಲೆಕ್ಕ ತಪ್ಪಿಸುವುದನ್ನು 1788ರ ತಿದ್ದುಪಡಿ ಬೇಡ ಅಂದಿತ್ತು. ಆದರೂ ನಡೆಯಿತು. ಯಜಮಾನಿಗೆ ಊರಿಗೆ ಹೋಗುವ ಮನಸ್ಸಾಗಿದೆ, ನೀವೂ ನಡೀರಿ. ಹೋದರು, ಬಂದರು. ಕ್ಯಾಲೆಂಡರು ಮತ್ತೆ ಸೊನ್ನೆಯಿಂದ.

ತನ್ನ ಕುರ್ಚಿಗೆ ಯಾರೂ ಹಾಕದ ಗಡುವನ್ನು ತಾನೇ ಹಾಕಿಕೊಂಡ ಮನುಷ್ಯ ಇವನು. ತನ್ನ ಮನೆಯ ಅಡಿಗೆಯವನಿಗೆ, ಕುದುರೆ ನೋಡುವವನಿಗೆ, ಹೊಲಿಗೆಯವಳಿಗೆ ಕಾನೂನು ಕೊಟ್ಟಿದ್ದ ಗಡುವನ್ನು ಆರಾರು ತಿಂಗಳಿಗೊಮ್ಮೆ ಕದ್ದವನೂ ಇವನೇ.

ಒನಾಳ ಕತೆ ಅಲ್ಲಿಗೆ ಮುಗಿಯಲಿಲ್ಲ. ಪೋರ್ಟ್ಸ್‌ಮತ್‌ನ ಸುಂಕದ ಅಧಿಕಾರಿ ಜೋಸೆಫ್ ವಿಪಲ್‌ಗೆ ಅವಳನ್ನು ಹಡಗು ಹತ್ತಿಸಿ ಕಳಿಸು ಅಂತ ಮೇಲಿನಿಂದ ಅಪ್ಪಣೆ ಬಂತು. ವಿಪಲ್ ಅವಳನ್ನು ಕಂಡು ಮಾತಾಡಿದ. ಅವಳು ಒಂದು ಷರತ್ತು ಹೇಳಿದಳು: ಬರುತ್ತೇನೆ, ದುಡಿಯುತ್ತೇನೆ, ಆದರೆ ಯಜಮಾನ ಯಜಮಾನಿ ಕಾಲವಾದ ಮೇಲೆ ನನ್ನನ್ನು ಬಿಡುಗಡೆ ಮಾಡುತ್ತೇವೆ ಅಂತ ಮಾತು ಕೊಡಿ. ಗೆಳೆಯರೇ, ಅವಳು ಕೇಳಿದ್ದು ಇಷ್ಟು. ಜೀತಕ್ಕೊಂದು ಕೊನೆಯ ದಿನ. ಅದೂ ಎಂದು ಬರುತ್ತದೋ ಗೊತ್ತಿಲ್ಲದ ದಿನ. 1796ರ ನವೆಂಬರ್‌ನಲ್ಲಿ, ವಿದಾಯದ ಮಾತು ಅಚ್ಚಾಗಿ ಎರಡು ತಿಂಗಳಾಗಿತ್ತು, ಅಧ್ಯಕ್ಷ ಉತ್ತರ ಬರೆದ: ಆಗದು. ಹಾಗೆ ಒಪ್ಪಿದರೆ ನಿಷ್ಠೆಗೆಟ್ಟವಳಿಗೆ ಬಹುಮಾನ ಕೊಟ್ಟ ಹಾಗಾಗುತ್ತದೆ, ನಿಷ್ಠೆಯಿಂದ ಉಳಿದವರ ಮನಸ್ಸು ಕೆಡುತ್ತದೆ.

ಅವಳು ಹೋಗಲಿಲ್ಲ. 1797ರ ಫೆಬ್ರವರಿ 22ರಂದು, ವಾಷಿಂಗ್ಟನ್‌ನ ಹುಟ್ಟಿದ ದಿನದಂದೇ, ಅಡಿಗೆಯ ಹರ್ಕ್ಯುಲಿಸ್ ಕೂಡ ಪರಾರಿ. ಅದಾಗಿ ಹತ್ತು ದಿನಕ್ಕೆ ಅಧ್ಯಕ್ಷ ಕುರ್ಚಿ ಬಿಟ್ಟು ಮೌಂಟ್ ವರ್ನನ್ನಿನ ತನ್ನ ಜಮೀನಿಗೆ ಹೊರಟ. 1799ರಲ್ಲಿ ಅಲ್ಲಿದ್ದ ಗುಲಾಮರ ಲೆಕ್ಕ 317. ಮೇಷ್ಟ್ರೇ, ಹೊಲ ಉತ್ತವರು ಇವರು. ಅದೇ ವರ್ಷ ಮನೆಯ ನೆಂಟ ಬರ್ವೆಲ್ ಬ್ಯಾಸೆಟ್ ಒನಾಳನ್ನು ತರಲು ಹೋದ. ಅವನು ಉಳಿದುಕೊಂಡ ಮನೆಯ ಸೆನೆಟರ್ ಜಾನ್ ಲ್ಯಾಂಗ್ಡನ್ ಒಳಗಿಂದೊಳಗೇ ಅವಳಿಗೆ ಸುಳಿವು ಕಳಿಸಿದ, ಅವಳು ತಪ್ಪಿಸಿಕೊಂಡಳು. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ವಾಷಿಂಗ್ಟನ್ ತನ್ನ ಉಯಿಲಿನಲ್ಲಿ ತನ್ನ ಸ್ವಂತದ 123 ಮಂದಿಗೆ ಬಿಡುಗಡೆ ಬರೆದಿಟ್ಟ, ಹೆಂಡತಿ ಸತ್ತ ಮೇಲೆ ಅಂತ. ಮಾರ್ಥಾ 1801ರ ಜನವರಿ 1ರಂದೇ ಅವರನ್ನು ಬಿಟ್ಟಳು. ಒನಾ ಆ ಲೆಕ್ಕದಲ್ಲಿರಲಿಲ್ಲ, ಅವಳು ಮಾರ್ಥಾಳ ಮೊದಲ ಗಂಡನ ಆಸ್ತಿ. 1848ರಲ್ಲಿ ಅವಳು ಸಾಯುವಾಗಲೂ ಕಾನೂನಿನ ಪ್ರಕಾರ ಓಡಿಹೋದ ಮಾಲು. ಅಷ್ಟರಲ್ಲಿ ವಾಷಿಂಗ್ಟನ್ ಕುರ್ಚಿಯಲ್ಲಿ ಇನ್ನೂ ಹತ್ತು ಮಂದಿ ಕೂತಿದ್ದರು. ಗುಲಾಮರನ್ನು ಎಂದೂ ಇಟ್ಟುಕೊಳ್ಳದವರು ಅವರಲ್ಲಿ ಇಬ್ಬರೇ — ಆಡಮ್ಸ್ ಅಪ್ಪ, ಆಡಮ್ಸ್ ಮಗ.

ತ್ಯಾಗ ಅಂದರೆ ಏನು ಅಂತ ಈಗ ಕೇಳೋಣ. ಬಿಟ್ಟುಕೊಡಬೇಕಾದರೆ ಮೊದಲು ಇಟ್ಟುಕೊಂಡಿರಬೇಕು. ಒಂದು ಕುರ್ಚಿ ಬಿಟ್ಟು ಬರುವವನಿಗೆ ಕೂರಲು ಇನ್ನೊಂದು ಕುರ್ಚಿ ಮನೆಯಲ್ಲಿ ಕಾದಿತ್ತು. ಆ ಮನೆಯ ಕುರ್ಚಿಗೆ ಚುನಾವಣೆಯಿಲ್ಲ, ಅವಧಿಯಿಲ್ಲ, ವಿದಾಯ ಭಾಷಣವಿಲ್ಲ. ನಮ್ಮ ತಾತ ಮುನ್ನೂರು ರೂಪಾಯಿ ಸಾಲಕ್ಕೆ ಜೀತಕ್ಕೆ ನಿಂತವನು. ಎಷ್ಟು ವರ್ಷಕ್ಕೆ ಅಂತ ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಕೇಳಬಹುದು ಅನ್ನೋದೇ ಗೊತ್ತಿರಲಿಲ್ಲ ಅಂತ ಅಜ್ಜಿ ಹೇಳ್ತಿದ್ದಳು. 1976ರಲ್ಲಿ ಜೀತ ರದ್ದಿನ ಕಾನೂನು ಬಂದಾಗ ಆ ಸಾಲ ಎಷ್ಟಕ್ಕೆ ಬೆಳೆದಿತ್ತೋ ಬಲ್ಲವರಿಲ್ಲ. ಒನಾಳ ಷರತ್ತು ಓದಿದಾಗ ನನಗೆ ಮೈ ಜುಂ ಅಂದದ್ದು ಇದಕ್ಕೆ: ಅವಳು ಕೇಳಿದಳು.

ಕುರ್ಚಿಯ ಗಡುವೂ ಗುಲಾಮಗಿರಿಯೂ ಒಂದಕ್ಕೊಂದು ಶತ್ರು ಅಂತ ನಾವು ಅಂದುಕೊಳ್ಳುತ್ತೇವೆ. ಇತಿಹಾಸ ಹಾಗನ್ನುವುದಿಲ್ಲ. ಮೂರನೇ ಅವಧಿ ಬೇಡ, ಅದು ಆಜೀವ ಆಳ್ವಿಕೆಯತ್ತ ಜಾರುತ್ತದೆ ಅಂದ ಜೆಫರ್ಸನ್ ತನ್ನ ಬದುಕಿನುದ್ದಕ್ಕೂ ಆರುನೂರಕ್ಕೂ ಹೆಚ್ಚು ಜನರ ಒಡೆಯನಾಗಿದ್ದ. ಅಧ್ಯಕ್ಷನಿಗೆ ನಾಲ್ಕೋ ಆರೋ ವರ್ಷದ ಒಂದೇ ಅವಧಿ ಸಾಕು, ಸಂವಿಧಾನ ತಿದ್ದಿ ಅಂತ 1829ರಲ್ಲಿ ಸಂಸತ್ತಿಗೆ ಬರೆದ ಆಂಡ್ರೂ ಜಾಕ್ಸನ್, ಮರುವರ್ಷವೇ ಮೂಲನಿವಾಸಿ ಇಂಡಿಯನ್ನರನ್ನು ಅವರ ನೆಲದಿಂದ ಎಬ್ಬಿಸುವ ಕಾನೂನಿಗೆ ಸಹಿ ಹಾಕಿದ. ತಾನು ಮಾತ್ರ ಎರಡು ಅವಧಿ ಪೂರ್ತಿ ಕೂತ. ಎಲ್ಲಕ್ಕಿಂತ ದೊಡ್ಡ ಸಾಕ್ಷಿ 1861ರದು. ಗುಲಾಮಗಿರಿ ಉಳಿಸಿಕೊಳ್ಳಲು ದೇಶ ಒಡೆದು ಹೋದ ದಕ್ಷಿಣದ ರಾಜ್ಯಗಳು ತಮ್ಮದೇ ಸಂವಿಧಾನ ಬರೆದುಕೊಂಡವು. ಅದರಲ್ಲಿ ಅಧ್ಯಕ್ಷನಿಗೆ ಆರು ವರ್ಷದ ಒಂದೇ ಅವಧಿ, ಮತ್ತೆ ನಿಲ್ಲುವಂತಿಲ್ಲ. ಅದೇ ಸಂವಿಧಾನದಲ್ಲಿ, ಕಪ್ಪು ಗುಲಾಮರ ಮೇಲಿನ ಆಸ್ತಿ ಹಕ್ಕನ್ನು ಮೊಟಕು ಮಾಡುವ ಯಾವ ಕಾನೂನನ್ನೂ ಮಾಡುವಂತಿಲ್ಲ ಅಂತಲೂ ಬರೆದಿದೆ. ಅಮೆರಿಕದ ನೆಲದಲ್ಲಿ ಅಧ್ಯಕ್ಷನ ಅವಧಿಗೆ ಸಂವಿಧಾನದಲ್ಲೇ ಮಿತಿ ಬರೆದವರು ಮೊದಲಿಗೆ ಒಡೆಯರೇ! ಒಡೆಯನಿಗೆ ಇನ್ನೊಬ್ಬ ಒಡೆಯನ ಮೇಲೆ ಅನುಮಾನ. ಕುರ್ಚಿಯ ಗಡುವು ಆ ಅನುಮಾನದ ಕೂಸು. ಆಳಿನ ಕುರಿತು ಅವರಿಗೆ ಅನುಮಾನವಿರಲಿಲ್ಲ, ಸರಪಳಿ ಇತ್ತು.

ಮುಂದಿನದನ್ನು ಬೇಗ ಹೇಳುತ್ತೇನೆ. ಕು ಕ್ಲಕ್ಸ್ ಕ್ಲಾನ್ ಪುಂಡರ ವಿರುದ್ಧ 1871ರಲ್ಲಿ ಕಾನೂನು ತಂದ ಗ್ರಾಂಟ್ ಮೂರನೇ ಅವಧಿಗೆ ನಿಲ್ಲಬಹುದು ಅನ್ನುವ ಗುಲ್ಲೆದ್ದಾಗ 1875ರಲ್ಲಿ ಕೆಳಮನೆ 233 ಓಟಿಗೆ 18ರಂತೆ ಅದನ್ನು ಖಂಡಿಸಿತು. 1880ರಲ್ಲಿ ಅವನು ಪ್ರಯತ್ನಿಸಿದಾಗ ಅವನ ಪಕ್ಷವೇ ಮೂವತ್ತಾರು ಸುತ್ತು ಮತ ಹಾಕಿ ಬೇರೆಯವನನ್ನು ಆರಿಸಿತು. 1912ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಮೂರನೇ ಸಲಕ್ಕೆ ಹೊರಟಾಗ, ಮೂರನೇ ಅವಧಿ ಮಹಾಪಾಪ ಅಂತ ನಂಬಿದ್ದವನೊಬ್ಬ ಮಿಲ್ವಾಕಿಯಲ್ಲಿ ಗುಂಡು ಹಾರಿಸಿದ. ಪುಣ್ಯಾತ್ಮ ಗುಂಡು ಎದೆಯಲ್ಲಿಟ್ಟುಕೊಂಡೇ ಭಾಷಣ ಮುಗಿಸಿದ. ಸೋತ, ಅದು ಬೇರೆ.

ಫ್ರಾಂಕ್ಲಿನ್ ರೂಸ್‌ವೆಲ್ಟ್ ಒಬ್ಬನೇ ದಾಟಿದವನು. 1932, 1936, 1940, 1944 — ನಾಲ್ಕು ಸಲ ಗೆದ್ದ, 1945ರ ಏಪ್ರಿಲ್‌ನಲ್ಲಿ ಕುರ್ಚಿಯಲ್ಲಿದ್ದಾಗಲೇ ಸತ್ತ. ಅವನ ಮೂರನೇ ಅವಧಿಯನ್ನೇ ನೋಡಿ. ಕಪ್ಪು ಕಾರ್ಮಿಕರ ನಾಯಕ ಎ. ಫಿಲಿಪ್ ರಾಂಡಾಲ್ಫ್ ಲಕ್ಷ ಜನರನ್ನು ರಾಜಧಾನಿಗೆ ನಡೆಸಿಕೊಂಡು ಬರ್ತೀನಿ ಅಂತ ಎದ್ದು ನಿಂತ ಮೇಲೆ, 1941ರ ಜೂನ್ 25ರಂದು, ಯುದ್ಧ ಸಾಮಗ್ರಿ ಕಾರ್ಖಾನೆಗಳಲ್ಲಿ ಬಣ್ಣ ನೋಡಿ ಕೆಲಸ ಕೊಡಬಾರದು ಅನ್ನುವ ಆಜ್ಞೆ ಹೊರಟಿತು. ಅದೇ ಕೈ 1942ರ ಫೆಬ್ರವರಿಯಲ್ಲಿ ಹಾಕಿದ ಇನ್ನೊಂದು ಸಹಿಯಿಂದ ಜಪಾನಿ ಮೂಲದ ಸುಮಾರು 1,20,000 ಜನ ಮನೆ ಮಾರು ಬಿಟ್ಟು ಕ್ಯಾಂಪುಗಳ ಪಾಲಾದರು. ಉದ್ದದ ಆಳ್ವಿಕೆ ಒಳ್ಳೆಯದೋ ಕೆಟ್ಟದ್ದೋ ಅಂತ ಇದರಿಂದ ಲೆಕ್ಕ ಹಾಕಲು ಹೊರಟರೆ ತಲೆ ಕೆಡುತ್ತದೆ. ಒತ್ತಿದ ಕಡೆ ಬಾಗಿದ, ಒತ್ತುವವರಿಲ್ಲದ ಕಡೆ ತುಳಿದ.

ಅವನು ಸತ್ತು ಎರಡು ವರ್ಷಕ್ಕೆ, 1947ರಲ್ಲಿ, ಸಂಸತ್ತು ಇಪ್ಪತ್ತೆರಡನೇ ತಿದ್ದುಪಡಿ ಒಪ್ಪಿತು. ಕೆಳಮನೆಯಲ್ಲಿ 285ಕ್ಕೆ 121. 1951ರ ಫೆಬ್ರವರಿ 27ರಂದು ಬೇಕಾದಷ್ಟು ರಾಜ್ಯಗಳ ಒಪ್ಪಿಗೆ ಸಿಕ್ಕು ಜಾರಿಗೆ ಬಂತು. ಎರಡು ಸಲಕ್ಕಿಂತ ಹೆಚ್ಚು ಯಾರನ್ನೂ ಆರಿಸುವಂತಿಲ್ಲ. ಇದಕ್ಕೆ ಕೈ ಎತ್ತಿದವರು ರೂಸ್‌ವೆಲ್ಟ್ ಕೈಲಿ ನಾಲ್ಕು ಸಲ ಸೋತ ರಿಪಬ್ಲಿಕನ್ನರು; ಅವರ ಜೊತೆ ಸೇರಿದವರು ಅವನದೇ ಪಕ್ಷದ ದಕ್ಷಿಣದ ಬಿಳಿಯರು. ಪ್ರಜಾಪ್ರಭುತ್ವ ಉಳಿಸಲು ಅಂದರು. ಒಳ್ಳೆಯದು. ಆದರೆ ಆ ದಕ್ಷಿಣದ ಮಹನೀಯರು ತಮ್ಮ ಕುರ್ಚಿಗೆ ಯಾವ ಗಡುವು ಹಾಕಿಕೊಂಡರು? ಸಂಸತ್ತಿಗೆ ಗಡುವು ಅವತ್ತೂ ಇಲ್ಲ, ಇವತ್ತೂ ಇಲ್ಲ. ರಾಜ್ಯಗಳು ತಾವಾಗಿ ಹಾಕಲು ಹೊರಟದ್ದನ್ನು 1995ರಲ್ಲಿ ಸುಪ್ರೀಂ ಕೋರ್ಟು ಹೊಡೆದುಹಾಕಿತು. ಮಿಸಿಸಿಪ್ಪಿಯ ಜೇಮ್ಸ್ ಈಸ್ಟ್‌ಲ್ಯಾಂಡ್ 1943ರಿಂದ 1978ರವರೆಗೆ ಸತತವಾಗಿ ಸೆನೆಟ್‌ನಲ್ಲಿ ಕೂತ. ನಾಗರಿಕ ಹಕ್ಕಿನ ಮಸೂದೆಗಳು ಹಾದು ಬರಬೇಕಾದ ನ್ಯಾಯ ಸಮಿತಿಗೆ 1956ರಿಂದ ಅವನೇ ಯಜಮಾನ. ದಕ್ಷಿಣ ಕೆರೊಲಿನಾದ ಸ್ಟ್ರಾಮ್ ಥರ್ಮಂಡ್ 1957ರಲ್ಲಿ ನಾಗರಿಕ ಹಕ್ಕಿನ ಮಸೂದೆ ತಡೆಯಲು 24 ಗಂಟೆ 18 ನಿಮಿಷ ನಿಂತು ಮಾತಾಡಿದವನು. 2003ರಲ್ಲಿ ಸೆನೆಟ್ ಬಿಟ್ಟಾಗ ನೂರು ವಯಸ್ಸು. ಈಸ್ಟ್‌ಲ್ಯಾಂಡ್‌ನ ಹತ್ತಿ ತೋಟವಿದ್ದ ಅದೇ ಸನ್‌ಫ್ಲವರ್ ಜಿಲ್ಲೆಯಲ್ಲಿ ಫ್ಯಾನಿ ಲೂ ಹೇಮರ್ ಅನ್ನುವ ಕೂಲಿ ಹೆಣ್ಣುಮಗಳು 1962ರ ಆಗಸ್ಟ್ 31ರಂದು ಓಟಿಗೆ ಹೆಸರು ಬರೆಸಲು ಹೋದಳು. ಹದಿನೆಂಟು ವರ್ಷ ದುಡಿದ ತೋಟದಿಂದ ಅವಳನ್ನು ಅವತ್ತೇ ಹೊರಗೆ ಹಾಕಿದರು. ಒಡೆಯನ ಅವಧಿ ಮೂವತ್ತೈದು ವರ್ಷ, ಕೂಲಿಯ ಅವಧಿ ಒಂದು ಸಂಜೆಗೆ ಮುಗಿಯಿತು. ಮೇಲಿನ ಒಂದೇ ಒಂದು ಕುರ್ಚಿಗೆ ಬೀಗ ಹಾಕಿ ಕೆಳಗಿನ ನೂರಾರು ಕುರ್ಚಿಗಳ ಬಾಗಿಲು ತೆರೆದಿಟ್ಟ ಏರ್ಪಾಡು ಇದು.

ಇಷ್ಟು ಹೇಳಿದ ಮೇಲೆ ನಮ್ಮ ಕೂಟದ ಬಿಸಿರಕ್ತದ ಗೆಳೆಯನೊಬ್ಬ, "ಹಾಗಾದ್ರೆ ಸುಟ್ಟಾಕು ಅದನ್ನ. ಒಡೆಯರ ಆಟ ಒಡೆಯರಿಗೆ. ನಮಗ್ಯಾಕೆ?" ಅಂದ. ನಾನು ಒಪ್ಪಲಿಲ್ಲ. ಮೇಷ್ಟ್ರ ಮಾತನ್ನು ಒಪ್ಪದಿರುವುದಕ್ಕಿಂತ ಇವನ ಮಾತನ್ನು ಒಪ್ಪದಿರುವುದು ನನಗೆ ಕಷ್ಟವಾಯಿತು, ಯಾಕೆಂದರೆ ಇವನು ನನ್ನ ಕೇರಿಯವನು. ಜನ ಬೇಕು ಅಂದವನನ್ನು ಮತ್ತೆ ಆರಿಸಬಾರದು ಅನ್ನೋದು ಜನರ ಹಕ್ಕಿಗೇ ಅಡ್ಡಗಾಲು ಅಲ್ಲವಾ ಅಂತಲೂ ಅವನು ಕೇಳಿದ. ಉತ್ತರದ ನಗರಗಳ ಕಪ್ಪು ಮತದಾರರು 1936ರಿಂದ ರೂಸ್‌ವೆಲ್ಟ್‌ಗೇ ಓಟು ಹಾಕಿದ್ದರು ಅನ್ನೋದೂ ನಿಜ. ಪ್ರಶ್ನೆ ಹಗುರದ್ದಲ್ಲ.

ಆದರೂ ನನಗನ್ನಿಸುವುದು ಹೀಗೆ. ಗಡುವು ಒಡೆಯರ ಬುದ್ಧಿಯಿಂದ ಹುಟ್ಟಿದ್ದು ಅಂತ ಒಪ್ಪಿಕೊಂಡರೆ ನಾವು ಒನಾಳನ್ನು ಎರಡನೇ ಸಲ ಕಳೆದುಕೊಳ್ಳುತ್ತೇವೆ. ಆ ಮನೆಯಲ್ಲಿ ಗಡುವಿನ ಬೆಲೆ ಯಾರಿಗೆ ಹೆಚ್ಚು ಗೊತ್ತಿತ್ತು? ಬೇಸರವಾದಾಗ ಎದ್ದು ಹೋಗಬಲ್ಲ ಅಧ್ಯಕ್ಷನಿಗಾ, 'ಎಂದಾದರೂ ಮುಗಿಯುತ್ತದೆ ಅಂತ ಬರೆದುಕೊಡಿ' ಅಂದ ಹುಡುಗಿಗಾ? ಕೋವಿಯಿಲ್ಲದವನಿಗೆ, ದುಡ್ಡಿಲ್ಲದವನಿಗೆ, ಕೋರ್ಟಿಗೆ ಹೋಗುವ ಬಸ್‌ಚಾರ್ಜಿಲ್ಲದವನಿಗೆ ಇಂಥಾ ದಿನ ಇವನು ಇಳಿಯಲೇಬೇಕು ಅನ್ನುವ ತಾರೀಖು ಒಂದು ಆಸರೆ. ಒಳ್ಳೆಯ ಒಡೆಯನನ್ನು ಕಾಯುವುದಕ್ಕಿಂತ ಆ ತಾರೀಖು ದೊಡ್ಡದು. ಗುಲಾಮರು ಐದರಲ್ಲಿ ಮೂರಾದ ದೇಶದಲ್ಲೇ 1913ರಿಂದ ಮೂರು ವರ್ಷ ಓದಿ ಬಂದ ಬಾಬಾಸಾಹೇಬರು ಇದನ್ನು ತಮ್ಮದೇ ರೀತಿಯಲ್ಲಿ ಎದುರಿಸಿದರು. 1948ರ ನವೆಂಬರ್ 4ರಂದು ನಮ್ಮ ಸಂವಿಧಾನ ಸಭೆಯ ಮುಂದೆ ಕರಡು ಇಡುವಾಗ ಅಮೆರಿಕದ ಪದ್ಧತಿಯನ್ನು ಪಕ್ಕಕ್ಕಿಟ್ಟು ತೂಗಿದರು: ಅಲ್ಲಿ ಆಳುವವನು ಅವಧಿ ಮುಗಿದಾಗ ಲೆಕ್ಕ ಒಪ್ಪಿಸುತ್ತಾನೆ, ಇಲ್ಲಿ ದಿನದಿನವೂ ಒಪ್ಪಿಸಲಿ. ಮರುವರ್ಷ ನವೆಂಬರ್ 25ರಂದು, ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರದ ದಾರಿ ಅಂತ ಎಚ್ಚರಿಸಿದರು. ದಿನದ ಲೆಕ್ಕ ನಿಜವಾಗಿ ನಡೆದರೆ ಗಡುವು ಬೇಕಾಗದೇ ಇರಬಹುದು. ಭಕ್ತಿ ತುಂಬಿದ ಸಭೆಯಲ್ಲಿ ಲೆಕ್ಕ ಕೇಳುವವರು ಯಾರು ಅನ್ನೋದಕ್ಕೆ ಗೆಳೆಯ ನನಗಿನ್ನೂ ಉತ್ತರ ಕೊಟ್ಟಿಲ್ಲ.

ಈಗ ಆ ದೇಶದಲ್ಲಿ ಗಡುವಿನ ಮಾತು ಮತ್ತೆ ಎದ್ದಿದೆ. 2025ರ ಜನವರಿಯಲ್ಲಿ ಟ್ರಂಪ್‌ನ ಎರಡನೇ ಅವಧಿ ಶುರುವಾಯಿತು; ಅದೇ ತಿಂಗಳು ಟೆನೆಸ್ಸಿಯ ಸಂಸದ ಆಂಡಿ ಓಗಲ್ಸ್ ಮೂರು ಸಲ ಆರಿಸಬಹುದು ಅನ್ನುವ ತಿದ್ದುಪಡಿ ಮಂಡಿಸಿದ. ಸತತ ಎರಡು ಅವಧಿ ಗೆದ್ದವರಿಗೆ ಆ ಅವಕಾಶ ಇಲ್ಲ ಅಂತಲೂ ಅದರಲ್ಲಿ ಸೇರಿಸಿದ. ಅಂದರೆ 2009ರಿಂದ 2017ರವರೆಗೆ ಇದ್ದ ಕಪ್ಪು ಮನುಷ್ಯ ಒಬಾಮಾಗೆ ಬಾಗಿಲು ಮುಚ್ಚಿ, ನಡುವೆ ಒಮ್ಮೆ ಸೋತವನಿಗೆ ಮಾತ್ರ ತೆರೆಯುವ ಅಳತೆಯ ಅಂಗಿ. ಮಾರ್ಚ್‌ನಲ್ಲಿ ಟ್ರಂಪ್ ತಾನು ತಮಾಷೆ ಮಾಡ್ತಿಲ್ಲ, ದಾರಿಗಳಿವೆ ಅಂದ. ಕಾನೂನಿನಲ್ಲಿರುವುದು 'ಆರಿಸುವಂತಿಲ್ಲ' ಅನ್ನುವ ಪದ, 'ಕೂರುವಂತಿಲ್ಲ' ಅಂತ ಅಲ್ಲವಲ್ಲ ಅಂತ ವಕೀಲರು ಸಂದು ಹುಡುಕುತ್ತಿದ್ದರು. ಆರು ತಿಂಗಳ ಕಾನೂನಿನಲ್ಲಿ ಸಂದು ಹುಡುಕಿದ ಆ ಹಳೆಯ ಕಾಗದ ನನಗೆ ನೆನಪಾಯಿತು.

ಫಿಲಡೆಲ್ಫಿಯಾದ ಆ ಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ 2010ರಲ್ಲಿ ಸ್ಮಾರಕ ಕಟ್ಟಿ, ಅಲ್ಲಿ ದುಡಿದ ಒಂಬತ್ತು ಗುಲಾಮರ ಹೆಸರನ್ನು ಕಲ್ಲಿನ ಗೋಡೆಯ ಮೇಲೆ ಕೊರೆದರು. ಮುಂದಿನ ಕೂಟಕ್ಕೆ ಮೇಷ್ಟ್ರು ಬಂದಾಗ ಈ ಪುಟಗಳನ್ನು ಅವರ ಕೈಗೆ ಕೊಡಬೇಕು ಅಂದುಕೊಂಡಿದ್ದೇನೆ. ಒನಾ ಅನ್ನೋ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು ಅನ್ನೋದೇ ನನಗೆ ತೊಡಕಾಗಿತ್ತು. ಆ ಮನೆಯಲ್ಲಿದ್ದಷ್ಟು ದಿನ ಅವಳಿಗೆ ಯಾರೂ ಅಕ್ಷರ ಕಲಿಸಲಿಲ್ಲ. ಓಡಿಹೋದ ಮೇಲೆ ಓದಲು ಕಲಿತಳು. ಮುದುಕಿಯಾದಾಗ ಪತ್ರಿಕೆಯವರು ಬಂದು, ಅಧ್ಯಕ್ಷರ ಮನೆಯ ಸುಖ ಬಿಟ್ಟು ಇಷ್ಟು ಕಷ್ಟಪಟ್ಟೆಯಲ್ಲ, ಬಂದದ್ದಕ್ಕೆ ಪಶ್ಚಾತ್ತಾಪ ಇಲ್ಲವಾ ಅಂತ ಕೇಳಿದರಂತೆ. ಇಲ್ಲ ಅಂದಳು.